ಪತಂಗದ ಚೇಗಿನಿಂದ ನೂಲಿಗೆ ಕೆಂಪು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ತೋಟದ ಬೇಲಿಗೆ ತಂದೆಯವರು ಮುಳ್ಳಿನ ಭದ್ರತೆಗೆಂದು ನೆಟ್ಟಿದ್ದ ಪತಂಗದ ಮರಗಳಿಗೆ, ಅಂದರೆ ಮಲಯಾಳದವರ ಪದಿಮುಗಕ್ಕೆ, ವ್ಯಾಪಾರಿಯೊಬ್ಬರು ಹೇಳಿದ ಬೆಲೆ ಕಡಿಯುವ ಕೂಲಿಗೂ ಸಾಲುವಂತಿರಲಿಲ್ಲ. ಅದರ ಚೇಗಿನಿಂದ, ಅಂದರೆ ಮರದ ನಡುವಿನ ಗಟ್ಟಿ ತಿರುಳಿನಿಂದ, ಹತ್ತಿಯ ನೂಲಿಗೆ ಬಣ್ಣ ಹಾಕುತ್ತೇನೆಂದಾಗ, "ಕುಡಿಯುವ ನೀರಿಗೆ ಹಾಕುವ ಚಕ್ಕೆಯಲ್ಲಿ ಸೀರೆಗೆ ಬಣ್ಣವೇ ಭಾವ?" ಎಂದು ಭಾವನವರು ನಕ್ಕರು.

ಮೊದಲ ಎರಡು ವರ್ಷ ಅವರ ನಗೆಯೇ ಗೆದ್ದಿತು. ಬಣ್ಣ ಹಿಡಿಯಲೆಂದು ಅಳಲೆಕಾಯಿ, ಪಟಿಕಗಳನ್ನು ಕ್ರಮತಪ್ಪದೆ ಕೊಟ್ಟರೂ ನೂಲಿನ ಲಡಿಗಳು ಕೆಂಪಾಗದೆ, ಕೊಳೆತ ನೇರಳೆ ಹಣ್ಣಿನಂತೆ ಕಪ್ಪಿಟ್ಟವು. ಚೇಗು ಎಳೆಯದೆಂದು ಭಾವಿಸಿ ಹಳೆಯ ಮರವನ್ನು ಕಡಿಸಿದೆ, ಪಟಿಕವನ್ನು ಇಮ್ಮಡಿಗೊಳಿಸಿದೆ. ನೂಲು, ಕೂಲಿ, ಸೌದೆ ಸೇರಿ ಹದಿನಾರು ಸಾವಿರದಷ್ಟು ರೂಪಾಯಿ ಹೋಗಿರಬೇಕು.

ಕಾರಣ ಹೊಳೆದದ್ದು ಬಚ್ಚಲಿನಲ್ಲಿ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ನೆಲದಲ್ಲಿ ತೋಡಿದ ನಮ್ಮ ಬಾವಿಯ ನೀರು ಬಕೆಟಿನ ಒಳಮೈಗೆ ತುಕ್ಕಿನ ಬಣ್ಣ ಹಿಡಿಸಿತ್ತು. ಕಬ್ಬಿಣದ ಅಂಶ ಅಳಲೆಯನ್ನೂ ಪತಂಗವನ್ನೂ ಕಪ್ಪಿಗೆ ಎಳೆಯುತ್ತದೆಂಬುದು ಗೊತ್ತಿದ್ದೂ, ನಾನು ಕಬ್ಬಿಣದ ಕೊಪ್ಪರಿಗೆಯಲ್ಲೇ ಕುದಿಸುತ್ತಿದ್ದೆ! ಕೊಪ್ಪರಿಗೆಯ ಬದಲು ಸ್ಟೀಲಿನ ಪಾತ್ರೆಯನ್ನು ಇಟ್ಟು, ನೀರಿಗಾಗಿ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ಹಳೆಯ ಸುರಂಗದ ತಿಳಿನೀರನ್ನು ತಂದು ಹಾಕಿದ ದಿನವೇ ಲಡಿ ದಾಸವಾಳದ ಕೆಂಪಿಗೆ ತಿರುಗಿತು.

ಈಗ ನೂಲಿನ ತೂಕದಷ್ಟೇ ಚೇಗನ್ನು ತೆಗೆದುಕೊಂಡು, ಹೊರಗಿನ ಬಿಳಿ ಭಾಗವನ್ನು ಕೆತ್ತಿ ಬಿಸಾಡಿ, ಚಕ್ಕೆಗಳಿಗೆ ನೀರು ಚಿಮುಕಿಸಿ ನೆರಳಿನಲ್ಲಿ ಒಂದು ವಾರ ಗಾಳಿಗೆ ಬಿಡುತ್ತೇನೆ. ಕಡಿದಾಗ ಮಂಕಾದ ಹಳದಿಯಾಗಿದ್ದ ಚೇಗು ಅಷ್ಟರಲ್ಲಿ ಕೆಂಪೇರಿರುತ್ತದೆ. ಪಟಿಕ ನೂಲಿನ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಕೊನೆಯ ಅದ್ದಿಗೆ ಮುನ್ನ ಸೇರಿಸುವ ಸೊಪ್ಪಿನ ಹೆಸರನ್ನು ಮಾತ್ರ ಇಲ್ಲಿ ಬರೆಯಲಾರೆ, ಅದಕ್ಕಾಗಿ ನಾನು ತೆತ್ತ ಬೆಲೆ ಸಣ್ಣದಲ್ಲ.

ನಡುವೆ ಹಲಸಿನ ಚೇಗನ್ನೂ ಕುದಿಸಿ ನೋಡಿದೆ, ಒಳ್ಳೆಯ ಹಳದಿ ಬಂತು. ಪತಂಗಕ್ಕೆ ಅಳಲೆಯ ಬದಲು ಎಳೆ ಅಡಿಕೆ ಬೇಯಿಸಿದ ಚೊಗರನ್ನು ಕೊಟ್ಟಾಗ ಬಣ್ಣ ಹಿಡಿಯಿತಾದರೂ ಕಂದು ಛಾಯೆ ಬಿಡಲಿಲ್ಲ. ಎಲೆಗೆ ಹಚ್ಚುವ ಸುಣ್ಣ ಒಂದು ಚಿಟಿಕೆ ಬಿದ್ದರೆ ಪತಂಗದ ಕಷಾಯ ಗುಲಾಬಿಗೆ ಹೊರಳುತ್ತದೆ. ನಿಂಬೆರಸ ಬಿದ್ದರೆ ಹಳದಿಗೆ.

ಕಳೆದ ವರ್ಷ ಕಾಸರಗೋಡಿನ ನೇಯ್ಗೆಯವರೊಬ್ಬರು ಹತ್ತು ಕಿಲೋದಷ್ಟು ನೂಲನ್ನು ಒಯ್ದರು, ಖರ್ಚು ಕಳೆದು ಕಿಲೋಗೆ ಮುನ್ನೂರು ರೂಪಾಯಿ ಉಳಿದಿರಬಹುದು. ಬಿಸಿಲಿಗೆ ಈ ಕೆಂಪು ಮಾಸುತ್ತದೆಂದು ಅವರಿಗೆ ಮೊದಲೇ ಹೇಳಿದ್ದೆ. ಒಂದು ತಿಂಗಳು ಅಂಗಳದ ಹಗ್ಗದಲ್ಲಿ ನೇತಾಡಿದ ಲಡಿಯನ್ನೂ ಪಕ್ಕದಲ್ಲಿಟ್ಟು ತೋರಿಸಿಯೇ ಬೆಲೆ ಮಾತಾಡಿದ್ದು.