ಮೆಣಸಿನಕಾಯಿ ದರದ ಕಂಬಗಳಿಗೆ ತಾನಾಗಿ ಬಣ್ಣ ಬರುವಂತೆ ಮಾಡಿದ್ದು

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಟೆಂಡರ್ ಮುಗಿದ ಮೇಲೆ ಡಬ್ಬಿ ತಳಿಯ ಮೆಣಸಿನಕಾಯಿ ದರ ಎಕ್ಸೆಲ್‌ಗೆ ಹಾಕಿ, ಕಂಬಗಳ ಚಾರ್ಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ಕ್ವಿಂಟಲ್‌ಗೆ 20,000 ರೂಪಾಯಿ ದಾಟಿದ ದಿನದ ಕಂಬ ಕೆಂಪಗಿರಲಿ, ಉಳಿದದ್ದು ಬೂದು ಇರಲಿ ಅಂದರು ಸಾಹುಕಾರರು. ದೂರದಿಂದ ಬಂದ ರೈತರಿಗೆ ನೋಡಿದ ಕೂಡಲೇ ತಿಳಿಯಬೇಕಲ್ವಾ?

ಮೊದಲು ಕಂಡೀಷನಲ್ ಫಾರ್ಮ್ಯಾಟಿಂಗ್, ಅಂದರೆ ಷರತ್ತಿಗೆ ತಕ್ಕಂತೆ ಸೆಲ್‌ಗೆ ಬಣ್ಣ ಬರಿಸುವ ಸೌಲಭ್ಯ, ಹಾಕಿದೆ. ಸೆಲ್ ಕೆಂಪಾಯಿತು, ಕಂಬ ಹಾಗೇ ಉಳಿಯಿತು. ಆ ಬಣ್ಣ ಚಾರ್ಟ್‌ಗೆ ಹೋಗುವುದೇ ಇಲ್ಲ. ಆಮೇಲೆ ಒಂದೊಂದೇ ಕಂಬ ಒತ್ತಿ ಕೈಯಾರೆ ಬಣ್ಣ ಕೊಟ್ಟೆ. ಒಂದು ದರ ತಿದ್ದಿದರೆ ಹಳೇ ಬಣ್ಣವೇ ನಿಂತಿತ್ತು! ರೈತರ ಕಣ್ಣಿಗೆ ತಪ್ಪು ತೋರಿಸುವುದು ನನಗೆ ಸರಿ ಬರಲಿಲ್ಲ.

ಕೊನೆಗೆ ದರವನ್ನೇ ಎರಡು ಕಾಲಂಗೆ ಹಂಚಿದೆ. ದರ ಬಿ ಕಾಲಂನಲ್ಲಿದೆ. ಸಿ2ರಲ್ಲಿ ಹೀಗೆ ಬರೆದೆ:

=IF(B2>20000, B2, NA())

ಡಿ2ರಲ್ಲಿ ಇದರ ಉಲ್ಟಾ, ಅಂದರೆ 20,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿ2. ಎರಡನ್ನೂ ಕೆಳಗಿನವರೆಗೆ ಎಳೆದೆ. ಚಾರ್ಟ್‌ಗೆ ಬಿ ಬಿಟ್ಟು ಸಿ, ಡಿ ಕೊಟ್ಟೆ. ಸಿ ಸೀರೀಸ್‌ಗೆ ಕೆಂಪು, ಡಿಗೆ ಬೂದು. ಎನ್‌ಎ (NA, ಅಂದರೆ ಇಲ್ಲಿ ಬೆಲೆ ಇಲ್ಲ ಎಂಬ ಗುರುತು) ಇದ್ದಲ್ಲಿ ಕಂಬವೇ ಮೂಡುವುದಿಲ್ಲ.

ಆದರೆ ಕಂಬಗಳು ಸಣಕಲಾಗಿ ಪಕ್ಕಕ್ಕೆ ಸರಿದಿದ್ದವು, ಇಲ್ಲದ ಕಂಬಕ್ಕೂ ಜಾಗ ಬಿಟ್ಟ ಹಾಗೆ. ಫಾರ್ಮ್ಯಾಟ್ ಡೇಟಾ ಸೀರೀಸ್ ತೆರೆದು ಸೀರೀಸ್ ಓವರ್‌ಲ್ಯಾಪ್ ಅನ್ನು 100ಕ್ಕೆ ಎಳೆದೆ. ಎಲ್ಲ ಕಂಬಗಳೂ ತಮ್ಮ ಜಾಗಕ್ಕೆ ಬಂದು ನಿಂತವು.

ಈಗ 20000 ಅನ್ನು ಸೂತ್ರದಿಂದ ತೆಗೆದು ಎಫ್1ರಲ್ಲಿ ಇಟ್ಟಿದ್ದೇನೆ. ಸೂತ್ರದಲ್ಲಿ ಅದಕ್ಕೆ ಡಾಲರ್ ಗುರುತು ಹಾಕಿ $F$1 ಅಂತ ಬರೆಯಲೇಬೇಕು, ಇಲ್ಲದಿದ್ದರೆ ಎಳೆದಾಗ ಎಫ್2, ಎಫ್3 ಅಂತ ಜಾರುತ್ತದೆ. ಸಾಹುಕಾರರು 25,000 ಅಂದರೆ ಒಂದೇ ಸೆಲ್ ಬದಲಿಸಿದರೆ ಸಾಕು.