ವಿಯೆನ್ನಾದಲ್ಲಿ ಓಟ, ಆಮೇಲೆ ಎರಡು ಸಾಖರ್ ಕೇಕ್

ವಿಯೆನ್ನಾಕ್ಕೆ ಹೋಗುವವರು ಓಡುವ ಶೂ ಮರೀಬೇಡಿ. ಒಪೆರಾ ಭವನದ ಮುಂದಿನಿಂದ, ಹಳೇ ಊರನ್ನು ಸುತ್ತುವ ರಿಂಗ್‌ಸ್ಟ್ರಾಸೆ ರಸ್ತೆ ಹಿಡಿದು, ಕಾಲುವೆ ದಂಡೆಯ ರಸ್ತೆ ಸೇರಿಸಿಕೊಂಡು ಒಂದು ಸುತ್ತು ಹಾಕಿದರೆ ಸುಮಾರು 5 ಕಿ.ಮೀ. ಬೆಳಿಗ್ಗೆ ಬೇಗ ಹೊರಡಿ. ಸೈಕಲ್ ಪಥಕ್ಕೆ ಮಾತ್ರ ಕಾಲಿಡಬೇಡಿ, ಬೈಸಿಕೊಳ್ತೀರಿ! ನಲ್ಲಿ ನೀರು ಬೆಟ್ಟದ ಬುಗ್ಗೆಯದು, ಧೈರ್ಯವಾಗಿ ಕುಡಿಯಿರಿ.

ಓಟ ಮುಗಿಸಿ, ಒಣ ಟೀಶರ್ಟ್ ಹಾಕಿಕೊಂಡು ಒಪೆರಾ ಹಿಂದಿನ ಹೋಟೆಲ್ ಸಾಖರ್‌ಗೆ ಹೋಗಿ. ಅಲ್ಲಿಂದ ಕೋಲ್‌ಮಾರ್ಕ್ಟ್ ರಸ್ತೆಯ ಡೆಮೆಲ್ ಅನ್ನೋ ಕೇಕ್ ಅಂಗಡಿಗೆ ನಡೆದೇ ಹೋಗಬಹುದು. ಎರಡೂ ಕಡೆ ಸಾಖರ್ ಚಾಕೊಲೇಟ್ ಕೇಕ್. 'ಅಸಲಿ' ಯಾರದ್ದು ಅಂತ ಈ ಎರಡು ಅಂಗಡಿಗಳು ಕೋರ್ಟಿಗೂ ಹೋಗಿದ್ದವು. ಸಾಖರ್‌ನಲ್ಲಿ ಕೇಕಿನ ನಡುವೆಯೂ ಏಪ್ರಿಕಾಟ್ ಜಾಮ್ ಇರುತ್ತೆ. ಡೆಮೆಲ್‌ನಲ್ಲಿ ಚಾಕೊಲೇಟ್ ಹೊದಿಕೆಯ ಕೆಳಗೆ ಮಾತ್ರ. ತುಂಡನ್ನು ಅಡ್ಡಕ್ಕೆ ತಿರುಗಿಸಿ ನೋಡಿದರೆ ಗೆರೆ ಕಾಣಿಸುತ್ತೆ. ಮೊದಲ ತುತ್ತು ಕ್ರೀಮ್ ಇಲ್ಲದೆ ತಿನ್ನಿ, ಇಲ್ಲಾಂದ್ರೆ ವ್ಯತ್ಯಾಸ ಗೊತ್ತಾಗಲ್ಲ. ನಡುವೆ ನೀರು ಕುಡಿಯಿರಿ. ಕ್ರೀಮಿಗೆ ಸಕ್ಕರೆ ಹಾಕಿರುವುದಿಲ್ಲ, ಒಣ ಕೇಕಿಗೆ ಅದೇ ಸರಿ. ನನ್ನ ವೋಟು ಸಾಖರ್‌ಗೆ, ನಡುವಿನ ಜಾಮ್ ಇಲ್ಲದಿದ್ದರೆ ಗಂಟಲಿಗೆ ಒಣಕಲು ಅನ್ನಿಸುತ್ತೆ. ಇಬ್ಬರಿದ್ದರೆ ಒಂದೊಂದು ಕಡೆ ಒಂದೇ ತುಂಡು ಹಂಚಿಕೊಳ್ಳಿ, ಬೆಲೆಯೂ ಜಾಸ್ತಿ ಅಲ್ವಾ.