ಕಣ್ಣಿನ ಡಾಕ್ಟರ ಹತ್ತಿರ ನಂಬರು ಬಿಟ್ಟು ಇನ್ನೇನು ಕೇಳಬೇಕು?

ಕಣ್ಣಿನ ಡಾಕ್ಟರ ಕೋಣೆಯಿಂದ ಹೊರಬಂದವರನ್ನು ಏನಂದರು ಎಂದು ಕೇಳಿ. ‘ನಂಬರು ಸ್ವಲ್ಪ ಹೆಚ್ಚಾಗಿದೆಯಂತೆ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಕಣ್ಣಿನ ಒತ್ತಡ ಎಷ್ಟಿತ್ತು, ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪರದೆ) ನೋಡಿದರೇ, ದೃಷ್ಟಿನರ ಹೇಗಿದೆ? ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ಶುರುವಾದವರೂ ಬೋರ್ಡಿನ ಕೊನೆಯ ಸಾಲನ್ನು ಸಲೀಸಾಗಿ ಓದಬಲ್ಲರು. ಅದು ಸಾಮಾನ್ಯವಾಗಿ ನೋವಿಲ್ಲದೆ, ನೋಟವನ್ನು ಅಂಚಿನಿಂದ ಕಸಿಯುತ್ತ ಬರುತ್ತದೆ. ಹೋದ ನೋಟ ಮರಳುವುದಿಲ್ಲ. ಹಾಗಾಗಿ ಯಾವ ತೊಂದರೆ ಇಲ್ಲದಿದ್ದರೂ 40ರ ಹೊತ್ತಿಗೆ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಟೈಪ್ 2 ಮಧುಮೇಹ ಇದ್ದವರು ವಯಸ್ಸು ನೋಡುತ್ತ ಕೂರಬೇಡಿ, ಕಾಯಿಲೆ ಗೊತ್ತಾದಾಗಲೇ ಹೋಗಿ.

ಹಂತ 1: ಚೀಟಿ ಬರೆಯಿರಿ

ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ? ‘ವಯಸ್ಸಾಗಿ ಕಣ್ಣು ಹೋಯಿತು’ ಎಂಬ ಮಾತನ್ನು ಒಪ್ಪಬೇಡಿ. ಪೊರೆಯೋ, ಗ್ಲಾಕೋಮಾವೋ, ರೆಟಿನಾದ ತೊಂದರೆಯೋ ಎಂದು ಮನೆಯ ಹಿರಿಯರನ್ನು ಕೆದಕಿ ಕೇಳಿ.

ಜೊತೆಗೆ ಎಲ್ಲ ಮಾತ್ರೆಗಳ ಹೆಸರೂ ಇರಲಿ. ಕೀಲುನೋವಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ನುಂಗಿದರೆ ರೆಟಿನಾಕ್ಕೆ ಪೆಟ್ಟಾಗಬಹುದು. ಪ್ರಾಸ್ಟೇಟ್‌ಗೆ ತೆಗೆದುಕೊಳ್ಳುವ ಟ್ಯಾಮ್ಸುಲೋಸಿನ್ ಪೊರೆಯ ಆಪರೇಷನ್ನಿನಲ್ಲಿ ತೊಡಕು ತರಬಹುದು. ಸ್ಟೀರಾಯ್ಡ್ ಅಂತೂ ಮುಲಾಮಿನ ರೂಪದಲ್ಲಿದ್ದರೂ ಹೇಳಲೇಬೇಕು. ಕಣ್ಣು ಕೆಂಪಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ಹನಿ ತಂದು ಹಾಕಿಕೊಳ್ಳುವವರೇ, ಅದರಲ್ಲೂ ಸ್ಟೀರಾಯ್ಡ್ ಇದ್ದೀತು. ಅದು ಕಣ್ಣಿನ ಒತ್ತಡವನ್ನೂ ಏರಿಸಬಹುದು, ಪೊರೆಯನ್ನೂ ತರಬಹುದು.

ಹಂತ 2: ಹಳೆಯ ರಿಪೋರ್ಟು, ಕನ್ನಡಕ, ಜೊತೆಗೊಬ್ಬರು. ಇಷ್ಟು ಸಾಕು.

ಹಂತ 3: ಹನಿ ಬೇಡ ಎನ್ನಬೇಡಿ

ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ, ಗಾಡಿ ಓಡಿಸುವಂತಿಲ್ಲ. ಆದರೂ ರೆಟಿನಾದ ಅಂಚುಗಳನ್ನು ಚೆನ್ನಾಗಿ ನೋಡಲು ಅದೇ ದಾರಿ. ‘ಮುಂದಿನ ಸಲ ಹಾಕಿಸಿಕೊಳ್ಳುತ್ತೇನೆ’ ಎಂದು ಎದ್ದು ಬರುವುದಾದರೆ ಹೋಗುವ ಶ್ರಮವನ್ನೇ ತೆಗೆದುಕೊಳ್ಳಬೇಡಿ.

ಹಂತ 4: ಎಲ್ಲರೂ ಎಡವುವ ಜಾಗ

ಡಾಕ್ಟರು ‘ಎಲ್ಲ ನಾರ್ಮಲ್’ ಎನ್ನುತ್ತಾರೆ. ನೀವು ಎದ್ದು ನಿಲ್ಲುತ್ತೀರಿ. ಏಳಬೇಡಿ.

‘ಒತ್ತಡ ಎಷ್ಟಿದೆ ಡಾಕ್ಟ್ರೇ?’ ಎಂದು ಕೇಳಿ, ಎರಡೂ ಕಣ್ಣಿನದನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಉತ್ತರವಷ್ಟೇ ಸಿಕ್ಕಂತೆ. ಒತ್ತಡ ಸರಿಯಿದ್ದೂ ಗ್ಲಾಕೋಮಾ ಬರುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳ್ಳಗಿದ್ದರೆ ಒತ್ತಡ ಅಳೆಯುವ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ‘ನರ ಹೇಗಿದೆ, ಎರಡೂ ಕಣ್ಣಲ್ಲಿ ಒಂದೇ ಥರ ಇದೆಯೇ, ಕಳೆದ ಸಲಕ್ಕಿಂತ ಬದಲಾಗಿದೆಯೇ?’ ಎಂದೂ ಕೇಳಿ. ಅನುಮಾನವಿದ್ದರೆ ನೋಟದ ವ್ಯಾಪ್ತಿ ಅಳೆಯುವ ಫೀಲ್ಡ್ ಟೆಸ್ಟ್, ನರ ಮತ್ತು ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಬೇಕೇ ಎಂಬ ಮಾತು ತಾನಾಗಿ ಬರುತ್ತದೆ. ಸಕ್ಕರೆ ಕಾಯಿಲೆಯವರು ರೆಟಿನಾದಲ್ಲಿ ರಕ್ತ ಅಥವಾ ನೀರು ಸೋರಿದ ಗುರುತು ಇದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು.

ಒಂದೇ ಪ್ರಶ್ನೆಗೆ ಸಮಯವಿದ್ದರೆ ನಾನು ಕೇಳಿ ಎನ್ನುವುದು ಇದನ್ನು: ‘ನನ್ನ ವಯಸ್ಸು, ಮನೆಯವರ ಇತಿಹಾಸ, ಕಾಯಿಲೆ ನೋಡಿದರೆ ಮುಂದಿನ 10 ವರ್ಷದಲ್ಲಿ ಯಾವುದರ ಮೇಲೆ ಕಣ್ಣಿಡಬೇಕು?’ ಉತ್ತರ ಬಂದ ಮೇಲೆ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪು ತಿಳಿದಿದ್ದರೆ ಅಲ್ಲೇ ತಿದ್ದುತ್ತಾರೆ.

ನೀಲಿ ಬೆಳಕು ತಡೆಯುವ ಕನ್ನಡಕದ ಬಗ್ಗೆ ಕೇಳಿ ಈ ಸಮಯ ಕಳೆಯಬೇಡಿ, ಅದಕ್ಕೆ ದುಡ್ಡೂ ಹಾಕಬೇಡಿ. ‘ಕಣ್ಣಿನ ವಿಟಮಿನ್’ ಮಾತ್ರೆಗಳೂ ಎಲ್ಲರಿಗಲ್ಲ. ಎಆರ್‌ಇಡಿಎಸ್ 2 ಎಂಬ ವಿಟಮಿನ್-ಖನಿಜಗಳ ಮಿಶ್ರಣ ನೆರವಾಗುವುದು ವಯಸ್ಸಿನಿಂದಾಗುವ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತ ಮಧ್ಯಮ ಹಂತ ತಲುಪಿದವರಿಗೆ. ಸಿಗರೇಟು ಬಿಡುವುದರಲ್ಲಂತೂ ನಿಜವಾದ ಲಾಭವಿದೆ.

ಹಂತ 5: ರಿಪೋರ್ಟಿನ ಪ್ರತಿ, ಮುಂದಿನ ತಾರೀಖು

ಎರಡನ್ನೂ ಕೇಳಿ ಪಡೆದೇ ಹೊರಡಿ. ಈ ವರ್ಷದ ಚಿತ್ರವಿಲ್ಲದೆ ಮುಂದಿನ ವರ್ಷದ ಬದಲಾವಣೆ ತಿಳಿಯದು. ಆದರೆ ದಿಢೀರನೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ತೇಲಾಡಿದರೆ, ನೋಟಕ್ಕೆ ಪರದೆ ಇಳಿದಂತಾದರೆ ಆ ತಾರೀಖಿಗೆ ಕಾಯಬೇಡಿ. ರೆಟಿನಾ ಕಳಚುತ್ತಿರಬಹುದು, ಅದೇ ದಿನ ಹೋಗಿ.